ಗೂಡಿನ ಜೊತೆ ಹುಳುವನ್ನೂ ಮಾರಿದವರು

"ಹುಳ ನಮ್ಮತ್ರ ಎಲ್ಲಿರುತ್ತೆ ಮೇಡಂ? ಗೂಡಿನ ಜೊತೇಲೇ ಮಾರ್ಬಿಡ್ತೀವಲ್ಲ."

ತರಬೇತಿಯ ಮೊದಲ ದಿನ, ಇನ್ನೂ ಕಾಫಿ ಕೂಡ ಬಂದಿರಲಿಲ್ಲ, ಹಿಂದಿನ ಸಾಲಿನ ಅಕ್ಕನೊಬ್ಬರು ಕೇಳಿದರು. ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ್ದು. ನಾನು ಮಾರ್ಕರ್ ಹಿಡಿದು ನಿಂತವಳು ನಿಂತೇ ಇದ್ದೆ. ಬೋರ್ಡಿನ ಮೇಲೆ 'ರೇಷ್ಮೆ ಪ್ಯೂಪಾ ಎಣ್ಣೆಯಿಂದ ಸೌಂದರ್ಯವರ್ಧಕ' ಎಂದು ನನ್ನದೇ ಅಕ್ಷರ. ಪ್ಯೂಪಾ ಎಂದರೆ ಗೂಡಿನೊಳಗೆ ಮಲಗಿದ ಹುಳು. ಎದುರಿಗೆ ಶಿಡ್ಲಘಟ್ಟದ ಸುತ್ತಲಿನ ಐದಾರು ಹಳ್ಳಿಗಳಿಂದ ಬಂದ 24 ಹೆಂಗಸರು, ಎಲ್ಲರೂ ಹುಳು ಸಾಕುವ ಮನೆಯವರು. ಹುಳುವಿನ ಎಣ್ಣೆ ತೆಗೆಯುವುದನ್ನು ಹುಳು ಸಾಕುವವರಿಗಲ್ಲದೆ ಇನ್ನಾರಿಗೆ ಕಲಿಸಬೇಕು? ಕರೆದವರಿಗೆ ಹಾಗನ್ನಿಸಿತ್ತು. ನನಗೂ ಹಾಗೇ ಅನ್ನಿಸಿತ್ತು. ಹುಳು ಮನೆಯಲ್ಲೇ ಬೆಳೆದ ನನಗೆ ಇಷ್ಟು ಸರಳವಾದ ವಿಷಯ ಹೊಳೆಯದೇ ಹೋಯಿತಲ್ಲ ಎಂಬ ನಾಚಿಕೆ ಈಗಲೂ ಪೂರ್ತಿ ಹೋಗಿಲ್ಲ.

ರೇಷ್ಮೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಣದವರಿಗಾಗಿ ಹೇಳುತ್ತೇನೆ. ಮೊಟ್ಟೆಯೊಡೆದ ಮೇಲೆ ಹುಳು ಮೂರೂವರೆಯಿಂದ ನಾಲ್ಕು ವಾರ ಸೊಪ್ಪು ತಿನ್ನುತ್ತದೆ. ನಡುವೆ ನಾಲ್ಕು ಸಲ ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಕೂತು, ಚರ್ಮ ಬಿಡುತ್ತದೆ. ನಮ್ಮ ಕಡೆ ಇದಕ್ಕೆ 'ಜ್ವರ' ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಇಡೀ ಮನೆಯೇ ಆಳು. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಬಿಟ್ಟರೆ ಎರಡು ಮೂರು ದಿನ ಬಿಡದೆ ನೂಲು ಸುತ್ತಿಕೊಂಡು ಒಳಗೆ ಪ್ಯೂಪಾ ಆಗಿ ಮಲಗುತ್ತದೆ. ಐದಾರು ದಿನಕ್ಕೆ ಗೂಡು ಬಿಡಿಸಿ, ಮೇಲಿನ ಸಡಿಲ ಎಳೆಗಳ ಜುಂಗು ತೆಗೆದು, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಒಯ್ದರೆ ರೈತನ ಪಾಲಿನ ಕೆಲಸ ಮುಗಿಯಿತು. ಗೂಡಿನೊಳಗೆ ಹುಳು ಇನ್ನೂ ಜೀವಂತ. ಅದು ಚಿಟ್ಟೆಯಾಗಿ ನೂಲು ತೂತು ಮಾಡಿಕೊಂಡು ಹೊರಬರುವ ಮೊದಲೇ ಹರಾಜಿನಲ್ಲಿ ಕೊಂಡ ರೀಲರ್ ಅದನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಸಾಯಿಸಿ, ಬೇಯಿಸಿ, ನೂಲು ಬಿಚ್ಚುತ್ತಾನೆ. ಬಿಸಿನೀರಿನ ಆ ತೊಟ್ಟಿಯ, ಅಂದರೆ ಬೇಸಿನ್ನಿನ, ತಳದಲ್ಲಿ ಉಳಿಯುವುದು ಪ್ಯೂಪಾ.

ಅಂದರೆ ರೈತ ಮಾರುವುದು ಬಹುಪಾಲು ಹುಳುವನ್ನೇ. 100 ಕಿಲೋ ಹಸಿ ಗೂಡಿನಲ್ಲಿ ಸುಮಾರು 80 ಕಿಲೋ ಹುಳುವಿನ ತೂಕ. ಆದರೆ ಬೆಲೆ ಕಟ್ಟುವವನು ನೋಡುವುದು ಮೇಲಿನ ಕವಚವನ್ನು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಅನ್ನುವುದೇ ಅವನ ಲೆಕ್ಕ. ರೀಲರುಗಳ ಬಾಯಲ್ಲಿ ಅದು 'ರೆಂಡಿಟ್ಟ'. ಬಿಳಿ ಗೂಡು ಕಟ್ಟುವ ಒಳ್ಳೆಯ ದ್ವಿತಳಿ ಹುಳುವಿಗೆ ಆರರ ಆಸುಪಾಸು, ನಾಟಿ ಬೆರೆತ ಮಿಶ್ರತಳಿಗೆ ಏಳು, ಎಂಟು. ಹುಳು ಯಾವ ಲೆಕ್ಕಕ್ಕೂ ಇಲ್ಲ. ರೈತರ ಮನೆಯಲ್ಲಿ ಹುಳು ಉಳಿಯುವುದಿದ್ದರೆ ಜೊಳ್ಳು ಗೂಡಿನಲ್ಲಿ, ಕಲೆ ಹತ್ತಿದ ಗೂಡಿನಲ್ಲಿ. ಅದು ಜಾಸ್ತಿಯಾದ ವರ್ಷ ಯಾರಿಗೂ ಎಣ್ಣೆಯ ಯೋಚನೆ ಬರುವುದಿಲ್ಲ, ಸಾಲದ ಯೋಚನೆ ಬರುತ್ತದೆ.

ಅಸ್ಸಾಮಿನಲ್ಲಾದರೆ ಕತೆಯೇ ಬೇರೆ. ಅಲ್ಲಿನ ಎರಿ ಹುಳುವಿನ ಗೂಡಿಗೆ ಒಂದು ತುದಿಯಲ್ಲಿ ಬಾಯಿ ಇರುತ್ತದೆ. ಅದನ್ನು ನಮ್ಮ ಹಾಗೆ ಎಳೆಯಾಗಿ ಬಿಚ್ಚುವುದಿಲ್ಲ, ಹತ್ತಿಯಂತೆ ಹಿಂಜಿ ನೂಲುತ್ತಾರೆ. ಹಾಗಾಗಿ ಪ್ಯೂಪಾ ಸಾಕಿದವರ ಮನೆಯಲ್ಲೇ ಉಳಿಯುತ್ತದೆ. ಅವರು ಅದನ್ನು ಪ್ರೀತಿಯಿಂದ ತಿನ್ನುತ್ತಾರೆ, ಸಂತೆಯಲ್ಲಿ ಮಾರುತ್ತಾರೆ. ಕೊರಿಯಾದಲ್ಲೂ ಬೀದಿ ಬದಿಯಲ್ಲಿ ಬೇಯಿಸಿದ ರೇಷ್ಮೆ ಪ್ಯೂಪಾ ಸಿಗುತ್ತದೆ. ಇದನ್ನು ಹೇಳಿದಾಗ ನನ್ನ 24 ಮಂದಿಯಲ್ಲಿ ಅರ್ಧ ಜನ ಸೆರಗು ಮೂಗಿಗೆ ಹಿಡಿದರು. "ಥೂ, ನಮ್ಮ ಹುಳಾನ?" ಅಂದರು. ಆ 'ನಮ್ಮ' ಅನ್ನುವುದನ್ನು ಗಮನಿಸಿದೆ. ತಿನ್ನಲು ಅಸಹ್ಯ ಎಂದಷ್ಟೇ ಅಲ್ಲ, ಸಾಕಿದ್ದು ಅಂತಲೂ ಇರಬೇಕು.

ನಮ್ಮಜ್ಜಿ ಹುಳು ಮನೆಯ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಹರಡಿ, ಅದನ್ನು ತುಳಿದೇ ಒಳಗೆ ಹೋಗಬೇಕು ಅನ್ನುತ್ತಿದ್ದಳು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬರದ ಹಾಗೆ ಕಿಟಕಿಗೆಲ್ಲ ಬಲೆ. 1980ರಲ್ಲಿ ಆ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಟ್ಟಿದವಳು ನಾನು, ಬಲೆಯಿಲ್ಲದ ಹುಳು ಮನೆ ನೋಡಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟು ವಾಸನೆಯ ವಿಷಯದಲ್ಲಿ. ಮುಖಕ್ಕೆ ಪೌಡರ್ ಹಾಕಿಕೊಂಡವರು, ಸೆಂಟು ಪೂಸಿಕೊಂಡು ಬೆಂಗಳೂರಿನಿಂದ ಬಂದ ನೆಂಟರು, ಯಾರಿಗೂ ಪ್ರವೇಶವಿಲ್ಲ. ನನ್ನ ಚಿಕ್ಕಮ್ಮನ ಸ್ನೋ ಡಬ್ಬಿಯನ್ನು ಅಜ್ಜಿ ಹಿತ್ತಲಿಗೆ ಎಸೆದದ್ದು ನಮ್ಮ ಮನೆಯ ಪುರಾಣಗಳಲ್ಲಿ ಒಂದು. ಆ ಹುಳುವಿನ ಎಣ್ಣೆಯಿಂದಲೇ ಸ್ನೋ ಮಾಡುವುದು ಹೇಗೆಂದು ಕಲಿಸಲು ನಾನು ಹೊರಟಿದ್ದೆ.

ಮಧ್ಯಾಹ್ನದ ಪಾಠ ಬಿಟ್ಟು ಎಲ್ಲರನ್ನೂ ಕರೆದುಕೊಂಡು ಊರೊಳಗಿನ ಒಂದು ರೀಲಿಂಗ್ ಮನೆಗೆ ಹೋದೆ. ವರ್ಷಾನುಗಟ್ಟಲೆ ಗೂಡು ಮಾರಿದ ಈ ಹೆಂಗಸರಲ್ಲಿ ಅನೇಕರು ನೂಲು ಬಿಚ್ಚುವುದನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಮಾರುಕಟ್ಟೆಗೆ ಹೋಗುವುದು ಗಂಡಸರು. ಒಳಗೆ ಹಬೆ, ಸೌದೆಯ ಹೊಗೆ, ಚರಕದ ಕಿರಕಿರ. ಕುದಿಯಲು ಇನ್ನೇನು ಸ್ವಲ್ಪ ಬಾಕಿ ಎಂಬಂಥ ನೀರಿನಲ್ಲಿ ಗೂಡು ತೇಲುತ್ತಿತ್ತು. ಅದರೊಳಕ್ಕೆ ಬೆರಳದ್ದಿ ಎಳೆ ಹುಡುಕುತ್ತಿದ್ದ ಆಪಾ (ಉರ್ದುವಿನಲ್ಲಿ ಅಕ್ಕ) ನಮ್ಮ ಕಡೆ ನೋಡಲಿಲ್ಲ. ನೋಡಿದರೆ ಎಳೆ ತಪ್ಪುತ್ತದೆ. ಆಕೆಯ ಬೆರಳ ತುದಿಗಳು ಬೆಳ್ಳಗೆ ಊದಿ, ಅಲ್ಲಲ್ಲಿ ಬಿರಿದು, ನೆನೆಹಾಕಿದ ಅವರೆಕಾಳಿನ ಹಾಗಿದ್ದವು. ನನ್ನ ಜೊತೆ ಬಂದ ಒಬ್ಬ ಹುಡುಗಿ ಮೆಲ್ಲಗೆ, "ಕ್ರೀಮು ಮೊದಲು ಇವರಿಗೆ ಬೇಕಲ್ಲ ಮೇಡಂ" ಎಂದಳು.

ಮೂಲೆಯಲ್ಲಿ ಪ್ಯೂಪಾ ರಾಶಿ. ಬೆಳಗಿನದು ಮೇಲೆ, ಹೊಂಬಣ್ಣಕ್ಕೆ ತಿರುಗಿದ ಕಂದು. ನಿನ್ನೆಯದು ಕೆಳಗೆ, ಕಪ್ಪು. ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಶಿಡ್ಲಘಟ್ಟ, ರಾಮನಗರದ ಕಡೆ ಪ್ಯೂಪಾ ಒಣಗಿಸುವ ಜಾಗದ ಪಕ್ಕ ಒಮ್ಮೆ ಬಸ್ಸು ನಿಂತಿದ್ದರೆ ನಿಮಗೆ ಗೊತ್ತು. "ಸಾಯಂಕಾಲ ಒಬ್ಬ ಬಂದು ತಗೊಂಡು ಹೋಗ್ತಾನೆ. ಕೋಳಿಗೋ ಮೀನಿಗೋ ಹಾಕ್ತಾರಂತೆ, ಎಣ್ಣೇನೂ ತೆಗೀತಾರಂತೆ. ಅವನು ಬರೋ ತಂಕ ಇಲ್ಲೇ ಬಿದ್ದಿರತ್ತೆ. ಒಂದೊಂದು ದಿನ ಬರೋದೇ ಇಲ್ಲ" ಎಂದರು ಆಪಾ, ಚರಕ ನಿಂತ ಮೇಲೆ. ಆ ಪ್ಯೂಪಾಕ್ಕೆ ಅವರಿಗೆ ಸಿಗುತ್ತಿದ್ದ ದುಡ್ಡು ಮನೆಯವರ ಚಹಾ ಖರ್ಚಿಗೆ ಸಾಲುವಷ್ಟು.

ಇಡೀ ವಿದ್ಯೆ ಇರುವುದು ಆ ಮೂಲೆಯಲ್ಲೇ ಎಂದು ಅವತ್ತು ನನಗೆ ಅರ್ಥವಾಯಿತು. ಪ್ಯೂಪಾ ಎಣ್ಣೆಯಲ್ಲಿ ಮೂರನೇ ಒಂದು ಭಾಗದ ಆಸುಪಾಸು ಆಲ್ಫಾ ಲಿನೊಲೆನಿಕ್ ಆಮ್ಲ. ಅಗಸೆ ಎಣ್ಣೆಯಲ್ಲಿರುವುದೂ ಇದೇ. ಚರ್ಮಕ್ಕೆ ಹಗುರ, ಬೇಗ ಹೀರಿಕೊಳ್ಳುತ್ತದೆ ಎಂದು ಹೊಗಳಿಸಿಕೊಳ್ಳುವ ಗುಣವೂ ಅದರದೇ, ಗಾಳಿ ಸೋಕಿದರೆ ಬೇಗ ಕಮಟುವ ದುರ್ಗುಣವೂ ಅದರದೇ. ಹಸಿ ಪ್ಯೂಪಾದಲ್ಲಿ ಮುಕ್ಕಾಲು ಪಾಲು ನೀರು. ಬೆಚ್ಚಗೆ, ಒದ್ದೆಯಾಗಿ, ರಾಶಿಯಾಗಿ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಮದುವೆ ಊಟ. ಬೇಸಿನ್ನಿನಿಂದ ತೆಗೆದು ಕೆಲವೇ ಗಂಟೆಗಳಲ್ಲಿ ತೊಳೆದು, ಅಂಟಿಕೊಂಡ ತೆಳು ಪೊರೆ ಬಿಡಿಸಿ, ತೆಳ್ಳಗೆ ಹರಡಿ ಒಣಗಿಸಿದರೆ ಎಣ್ಣೆ ಎಣ್ಣೆಯಾಗಿರುತ್ತದೆ. ಒಂದು ರಾತ್ರಿ ಬಿಟ್ಟರೆ ಆಮೇಲೆ ಯಾವ ತರಬೇತಿಯಿಂದಲೂ ಅದು ಮುಖಕ್ಕೆ ಹಚ್ಚುವಂತಾಗುವುದಿಲ್ಲ. ಆ ಕೆಲವು ಗಂಟೆಗಳು ಇರುವುದು ಆಪಾ ಕೈಯಲ್ಲಿ. ಐದು ದಿನ ಚರಕ ಬಿಟ್ಟು ತರಬೇತಿಗೆ ಬಂದು ಕೂರಲು ಆಪಾಗೆ ಆಗುವುದಿಲ್ಲ. ಕೂಲಿ ಹೋಗುತ್ತದೆ.

ಈಗ ಎಲ್ಲೆಲ್ಲೂ ಕೀಟ ಸಾಕಣೆಯ ಮಾತು. ಕಪ್ಪು ಸೈನಿಕ ನೊಣದ ಮರಿಹುಳು ಸಾಕಿ, ಅದರ ಎಣ್ಣೆ ತೆಗೆದು ಕ್ರೀಮು ಮಾಡಿ ಎನ್ನುವವರು ನನಗೂ ಸಿಕ್ಕಿದ್ದಾರೆ. ಆ ಎಣ್ಣೆಯಲ್ಲಿ ಹೆಚ್ಚಿಗೆ ಇರುವುದು ಲಾರಿಕ್ ಆಮ್ಲ, ಅಂದರೆ ತೆಂಗಿನೆಣ್ಣೆಯ ಅಣ್ಣತಮ್ಮ. ತೆಂಗು ಬೆಳೆಯದ ದೇಶದವರಿಗೆ ಅದು ದೊಡ್ಡ ವಿಷಯ ಇರಬಹುದು. ತಿಪಟೂರಿನಂಥ ತೆಂಗಿನ ಸೀಮೆ ಇರುವ ನಮಗೆ ಕಸದ ಮೇಲೆ ನೊಣ ಸಾಕಿ ಕೊಬ್ಬರಿ ಎಣ್ಣೆ ಮಾಡುವ ದರ್ದು ಏನಿದೆ? ಕಸ ಕರಗಿಸಲು ಸಾಕಿ, ಕೋಳಿಗೆ ಹಾಕಿ, ಒಳ್ಳೆಯದೇ. ಮುಖಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ದಿನ ಆಪಾ ಮನೆಯಿಂದ ಬೆಳಗಿನ ಪ್ಯೂಪಾವನ್ನು ಬಕೆಟ್ಟಿನಲ್ಲಿ ತಂದೆವು. ಎಣ್ಣೆ ತೆಗೆಯಲು ನಾನು ತಂದಿದ್ದು ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರ. ಪ್ರಯೋಗಾಲಯದಲ್ಲಿ ಹೆಕ್ಸೇನ್ ಹಾಕಿ ತೆಗೆಯುತ್ತಾರೆ. ಅಡುಗೆ ಒಲೆ ಉರಿಯುವ ಮನೆಯೊಳಗೆ ಹೆಕ್ಸೇನ್ ಎಂದರೆ ಪೆಟ್ರೋಲ್ ಇಟ್ಟ ಹಾಗೆ, ಅದರ ಮಾತೇ ಎತ್ತಲಿಲ್ಲ. ಒಣಗಿದ ಪ್ಯೂಪಾ ಯಂತ್ರದಲ್ಲಿ ಹಿಂಡಿ ಬರುವ ಬದಲು ಚಟ್ನಿಯಾಗಿ ಕಚ್ಚಿಕೊಂಡಿತು. ನಾರಿಲ್ಲದ ವಸ್ತು, ತಿರುಪಿಗೆ ಹಿಡಿತ ಸಿಗುವುದಿಲ್ಲ. ನಾನು ಸ್ಪ್ಯಾನರ್ ಹುಡುಕುತ್ತಿದ್ದರೆ ಒಬ್ಬ ಅಜ್ಜಿ ಎದ್ದು ಬಂದು, "ಹರಳೆಣ್ಣೆ ಮಾಡಿಲ್ವೇನಮ್ಮ ನೀನು?" ಅಂದರು.

ಮಾಡಿಲ್ಲ. ನಮ್ಮಮ್ಮ ಮಾಡುತ್ತಿದ್ದಳು, ನಾನು ರಸಾಯನಶಾಸ್ತ್ರ ಓದಿದೆ. ಅಜ್ಜಿ ಪ್ಯೂಪಾವನ್ನು ಒರಳಿಗೆ ಹಾಕಿ ಕುಟ್ಟಿಸಿದರು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅದಕ್ಕೆ ಸುರಿದರು. ಉರಿ ಸಣ್ಣಗೆ ಮಾಡಿ, ಮೇಲೆ ತೇಲಿ ಬಂದ ಎಣ್ಣೆಯನ್ನು ಸೌಟಿನಲ್ಲಿ ಮೆಲ್ಲಗೆ ಬಳಿದು ಬೇರೆ ಪಾತ್ರೆಗೆ ಹಾಕಿದರು. ಆ ಎಣ್ಣೆಯನ್ನು ಮತ್ತೆ ಒಲೆಗಿಟ್ಟು ಕಿವಿ ಕೊಟ್ಟು ಕೂತರು. ಚಟಪಟ ಅನ್ನುತ್ತಿದ್ದದ್ದು ನಿಧಾನವಾಗಿ ನಿಂತಿತು. "ಸದ್ದು ನಿಂತ್ರೆ ನೀರು ಹೋಯ್ತು ಅಂತ. ಇಳಿಸು." ತೇವಾಂಶ ಅಳೆಯಲು ನಾನು ತಂದಿದ್ದ ಉಪಕರಣ ಡಬ್ಬಿಯಲ್ಲೇ ಉಳಿಯಿತು. ಹೀಗೆ ಕಾಯಿಸಿದರೆ ಎಣ್ಣೆ ಸ್ವಲ್ಪ ಕೆಡುತ್ತದೆ, ಬಣ್ಣ ಗಾಢವಾಗುತ್ತದೆ, ಹಿಂಡಿದ ಎಣ್ಣೆಯೇ ಮೇಲು ಎಂಬುದು ನಿಜ. ಆದರೆ ಆ ಸೌಟಿನ ಎಣ್ಣೆ ನೋಡಿದ ಮೇಲೆಯೇ ಉಳಿದ 23 ಜನಕ್ಕೂ ಇದು ತಮ್ಮ ಕೈಲಾಗುವ ಕೆಲಸ ಅನ್ನಿಸಿದ್ದು. ಅಲ್ಲಿಯವರೆಗೆ ಅದು ಮೇಡಂ ಬ್ಯಾಗಿನಲ್ಲಿದ್ದ ವಿದ್ಯೆ.

ಹಿಂಡುವ ದಾರಿಯೂ ಆಮೇಲೆ ಸಿಕ್ಕಿತು. ಪ್ಯೂಪಾ ಜೊತೆ ಒಂದಿಷ್ಟು ಭತ್ತದ ಹೊಟ್ಟು ಬೆರೆಸಿದರೆ ತಿರುಪಿಗೆ ಹಿಡಿತ ಸಿಗುತ್ತದೆ. ಊರಿನ ಎಣ್ಣೆ ಮಿಲ್ಲಿನವರು ಮೊದಲು ಸುತರಾಂ ಒಪ್ಪಲಿಲ್ಲ. ಕಡಲೆಕಾಯಿ ಎಣ್ಣೆಗೆ ವಾಸನೆ ಹತ್ತಿದರೆ ಗಿರಾಕಿ ಬಿಟ್ಟು ಹೋಗುತ್ತಾರೆ, ಅವರದೂ ತಪ್ಪಲ್ಲ. ಕೊನೆಗೆ ರಜೆಯ ಹಿಂದಿನ ಸಂಜೆ ಮಾತ್ರ, ಮುಗಿದ ಮೇಲೆ ನಾಲ್ಕು ಸಲ ಹೊಟ್ಟು ಹಾಕಿ ಯಂತ್ರ ತೊಳೆದು ಕೊಡಬೇಕು ಎಂಬ ಕರಾರಿನ ಮೇಲೆ ಬಿಟ್ಟರು. ಲೆಕ್ಕ ಹೀಗೆ ಬಂತು: 100 ಕಿಲೋ ಗೂಡಿನ ಹಸಿ ಪ್ಯೂಪಾ ಒಣಗಿದರೆ 20 ಕಿಲೋ, ಅದರಿಂದ ನಮಗೆ ಸಿಕ್ಕ ಎಣ್ಣೆ ನಾಲ್ಕು ಕಿಲೋ ಮೇಲೆ ಸ್ವಲ್ಪ. ಪ್ಯೂಪಾದಲ್ಲಿ ಇರುವುದು ಇನ್ನೂ ಹೆಚ್ಚು, ಉಳಿದದ್ದು ಹಿಂಡಿಯಲ್ಲೇ ಹೋಯಿತು. ಕಿಲೋಗೆ 600 ಗೂಡಿನ ಲೆಕ್ಕ ಹಿಡಿದರೆ ಅಷ್ಟು ಎಣ್ಣೆಗೆ 60,000 ಹುಳು.

ಶುದ್ಧಿ ಮಾಡುವುದು ಕಲಿಸಲು ಸುಲಭವಾಯಿತು, ಏಕೆಂದರೆ ಅದಕ್ಕೆ ಬೇಕಾದದ್ದು ಅವರಿಗೆ ಮೊದಲೇ ಗೊತ್ತು. ಬಿಸಿನೀರಿನಲ್ಲಿ ಕಲಕಿ ಅಂಟು ಇಳಿಸುವುದು, ಆಮೇಲೆ ಮುಲ್ತಾನಿ ಮಿಟ್ಟಿ ಮತ್ತು ಇದ್ದಿಲ ಪುಡಿಯ ಜೊತೆ ಬೆಚ್ಚಗೆ ಕಲಸಿ ಬಟ್ಟೆಯಲ್ಲಿ ಸೋಸುವುದು. ಮುಖಕ್ಕೆ ಹಚ್ಚುವ ಮಣ್ಣೇ ಎಣ್ಣೆಯ ಬಣ್ಣ ಎಳೆಯುತ್ತದೆ ಎಂದಾಗ ಎಲ್ಲರಿಗೂ ಖುಷಿ. ವಾಸನೆ ಮಾತ್ರ ಪೂರ್ತಿ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ನಿರ್ವಾತದಲ್ಲಿ ಹಬೆ ಹಾಯಿಸಿ ತೆಗೆಯುತ್ತಾರೆ, ಅದು ಹಿತ್ತಲಿನಲ್ಲಿ ಆಗುವ ಕೆಲಸವಲ್ಲ. ಮಲ್ಲಿಗೆ ಸುಗಂಧ ಬೆರೆಸಿ ಮುಚ್ಚೋಣ ಎಂದು ನಾನೇ ಹೇಳಿದೆ. ಮಲ್ಲಿಗೆ ಮುಡಿದು ಮೀನು ಮಾರುಕಟ್ಟೆಗೆ ಹೋದ ಹಾಗಾಯಿತು.

ಕ್ರೀಮಿನ ಕತೆ ಇನ್ನೂ ಕೆಟ್ಟದು. ಅದರಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಬೂಸು. ಸಂರಕ್ಷಕ ಎಷ್ಟು ಹಾಕಬೇಕೆಂದು ಗ್ರಾಂ ಲೆಕ್ಕದಲ್ಲಿ ತೂಗಬೇಕು. ನಮ್ಮಲ್ಲಿದ್ದದ್ದು ತರಕಾರಿ ತೂಗುವ ತಕ್ಕಡಿ. ಮೂರನೇ ವಾರ ಒಬ್ಬಳು ಡಬ್ಬಿಯ ಫೋಟೊ ಕಳಿಸಿದಳು, ಒಳಗೆ ಹಸಿರು ತೋಟ. ತಪ್ಪು ಅವಳದಲ್ಲ, ನಾನು ಕ್ರೀಮು ಕಲಿಸಬಾರದಿತ್ತು. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಸಮಾರೋಪದ ದಿನ ಮೇಜಿನ ಮೇಲೆ ಜೋಡಿಸಿಡಬಹುದು ಎಂಬ ಆಸೆಗೆ ಕಲಿಸಿದೆ. ಸೋಪು ಪರವಾಗಿಲ್ಲ. ಬರೀ ಪ್ಯೂಪಾ ಎಣ್ಣೆಯದ್ದು ಮೆತ್ತಗಾಗುತ್ತದೆ, ಬೇಗ ಕಮಟುತ್ತದೆ. ತೆಂಗಿನೆಣ್ಣೆಯೇ ಹೆಚ್ಚಿರುವ ಸೋಪಿಗೆ ಹತ್ತರಲ್ಲೊಂದು ಪಾಲು ಇದನ್ನು ಸೇರಿಸಿ, ನಾಲ್ಕಾರು ವಾರ ಗಾಳಿಗೆ ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ನಿಜವಾಗಿ ಕೈಗೆ ಹತ್ತಿದ್ದು ಮುಲಾಮು: ಜೇನುಮೇಣ ಒಂದು ಪಾಲು, ಎಣ್ಣೆಗಳು ನಾಲ್ಕು ಪಾಲು, ಒಂದೆರಡು ಹನಿ ವಿಟಮಿನ್ ಇ. ನೀರಿಲ್ಲ, ಬೂಸಿಲ್ಲ. ಸಿಗಡಿ ತಿಂದರೆ ಮೈ ತುರಿಸುವವರು ಇದರಿಂದಲೂ ದೂರ ಇರಬೇಕು, ಉಳಿದವರು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಬೇಕು ಎಂಬುದನ್ನು ಮೂರು ಸಲ ಬರೆಸಿದೆ.

ನಾಲ್ಕನೇ ದಿನದ ಜಗಳ ನನಗೆ ತುಂಬ ಇಷ್ಟ. ಚೀಟಿಯ ಮೇಲೆ ಏನು ಬರೆಯಬೇಕು? 'ರೇಷ್ಮೆ ಎಣ್ಣೆ' ಅಂದರೆ ಚಂದ, ಗಿರಾಕಿ ನೂಲು ಅಂದುಕೊಳ್ಳುತ್ತಾರೆ. 'ರೇಷ್ಮೆ ಹುಳುವಿನ ಎಣ್ಣೆ' ಅಂದರೆ ಯಾರೂ ಮುಟ್ಟುವುದಿಲ್ಲ. ಹುಳು ಅಂತಲೇ ಬರೆಯಬೇಕು, ಇಲ್ಲದಿದ್ದರೆ ಮೋಸ ಎಂದು ನಾನು ಹಟ ಹಿಡಿದೆ. ಆಗ ಒಬ್ಬರು, "ಸೀರೆ ಅಂಗಡೀಲಿ ಯಾರಾದ್ರೂ ಎಷ್ಟು ಹುಳ ಸತ್ತಿದೆ ಅಂತ ಬರೀತಾರಾ? ಮಡೀಗೆ ಉಡ್ತಾರೆ" ಅಂದರು. ಹೌದು, ಒಂದು ಸೀರೆಗೆ ಎರಡು, ಮೂರು ಸಾವಿರ ಗೂಡು ಬೇಕು. ಹತ್ತಿ ಸೀರೆ ಮೈಲಿಗೆಯಾದಾಗಲೂ ರೇಷ್ಮೆ ಮಡಿಯಲ್ಲಿ ನಿಲ್ಲುತ್ತದೆ. ನನ್ನ ಬಳಿ ಉತ್ತರ ಇರಲಿಲ್ಲ, ಆದರೂ ಹುಳು ಎಂದೇ ಬರೆಸಿದೆ.

ಇದೆಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಕೊನೆಯ ದಿನ ಹೇಳಿದೆ. ಮನೆಗೆ ಮಾಡಿಕೊಳ್ಳುವುದು ಒಂದು, ಮಾರುವುದು ಇನ್ನೊಂದು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ಅದಕ್ಕೆ ತಕ್ಕ ಜಾಗ, ಪರೀಕ್ಷೆ, ತಿಳಿದವರ ಮೇಲ್ವಿಚಾರಣೆ ಬೇಕು. ಹೇಳಿದ ಮೇಲೆ ಕೋಣೆ ಒಂದು ಕ್ಷಣ ಸುಮ್ಮನಾಯಿತು. ಐದು ದಿನ ಮನೆ, ದನ, ಸೊಪ್ಪು ಬಿಟ್ಟು ಬಂದವರಿಗೆ ಇದನ್ನು ಪ್ರಮಾಣಪತ್ರ ಕೊಡುವ ಗಂಟೆಯಲ್ಲಿ ಹೇಳುವುದು ಸರಿಯಲ್ಲ. ನನ್ನ ಪ್ರಕಾರ ಹಳ್ಳಿಯ ಹೆಂಗಸರು ಡಬ್ಬಿ, ಚೀಟಿ, ಬ್ರ್ಯಾಂಡು ಎಂದು ಓಡಬೇಕಾಗಿಲ್ಲ. ಅದೇ ದಿನ ಒಣಗಿಸಿದ, ಕಮಟದ ಪ್ಯೂಪಾ, ಹೆಚ್ಚೆಂದರೆ ಸೋಸಿದ ಎಣ್ಣೆ, ಇಷ್ಟನ್ನು ಚೆನ್ನಾಗಿ ಮಾಡಿ ಪರವಾನಗಿ ಇದ್ದವರಿಗೆ ಮಾರಿದರೆ ಸಾಕು. ಆದರೆ 'ಪ್ಯೂಪಾ ಒಣಗಿಸುವ ತರಬೇತಿ' ಎಂದು ಬ್ಯಾನರ್ ಬರೆಸಿದರೆ ಉದ್ಘಾಟನೆಗೆ ಯಾರೂ ಬರುವುದಿಲ್ಲ.

ಎಂಟು ತಿಂಗಳ ಮೇಲೆ ಹೋಗಿದ್ದೆ. 24 ಜನರಲ್ಲಿ ಮುಂದುವರಿಸಿದ್ದು ಮೂವರು. ಅವರಲ್ಲಿ ಇಬ್ಬರು ಆಪಾ ಬೀದಿಯ ನಾಲ್ಕು ರೀಲಿಂಗ್ ಮನೆಗಳ ಜೊತೆ ಮಾತಾಡಿಕೊಂಡು, ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಬಕೆಟ್ ಹಿಡಿದು ಹೋಗಿ ಪ್ಯೂಪಾ ತರುತ್ತಾರೆ. ಹುಳು ಗೂಡು ಕಟ್ಟಲು ಮಡಚುವ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಅಟ್ಟ ಸೇರಿದ್ದ ಹಳೆಯ ಬಿದಿರಿನ ಚಂದ್ರಿಕೆಗಳನ್ನು ಇಳಿಸಿ, ಮೇಲೆ ಪಾಲಿಥಿನ್ ಹೊದಿಸಿ ಅದರಲ್ಲಿ ಒಣಗಿಸುತ್ತಾರೆ. ಹುಳು ನೂಲು ಸುತ್ತಿದ ಜಾಗಕ್ಕೇ ತಿರುಗಿ ಬಂದಿದೆ. ಮಳೆಗಾಲದಲ್ಲಿ ಒಣಗುವುದಿಲ್ಲ, ಆ ಮೂರು ತಿಂಗಳು ಕೆಲಸ ನಿಲ್ಲುತ್ತದೆ. ಸೋಪನ್ನು ಯಾರೂ ಮಾಡುತ್ತಿಲ್ಲ.

ಆಪಾ ಚರಕದ ಪಕ್ಕ ಗೂಡಿನಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು. ಮುಲಾಮು. ಹಚ್ಚಿಕೊಂಡರೆ ಕೈ ವಾಸಿಯಾಗಿದೆಯಾ ಎಂದು ಕೇಳಿದೆ. ನಗಾಡಿದರು. "ರಾತ್ರಿ ಹಚ್ತೀನಿ, ಬೆಳಿಗ್ಗೆ ಮೆತ್ತಗಿರತ್ತೆ. ಬೆಳಿಗ್ಗೆ ಮತ್ತೆ ಇದೇ ನೀರು." ಕೆಲಸ ಶುರು ಮಾಡುವ ಮೊದಲೂ ಸ್ವಲ್ಪ ಹಚ್ಚಬಹುದಲ್ಲ ಎಂದೆ. ಆಪಾ ನನ್ನನ್ನೊಮ್ಮೆ, ಎಳೆಯನ್ನೊಮ್ಮೆ ನೋಡಿದರು.

"ಎಣ್ಣೆ ಕೈ ಮುಟ್ಟಿದ್ರೆ ನೂಲು ಕಲೆ ಆಗತ್ತೆ ಮೇಡಂ. ಅದಕ್ಕೆ ರೇಟು ಬರಲ್ಲ" ಎಂದು ಬೇಸಿನ್ನಿಗೆ ಕೈ ಹಾಕಿದರು.